ಹಳೇ ಟೈರಿಗೆ ಹೊಸ ಮೆರುಗು

ಹಳೆಯದನ್ನು ಹೊಸದು ಮಾಡುವ ವಿದ್ಯೆ ಈ ಜಗತ್ತಿನಲ್ಲಿ ಯಾರಿಗಾದರೂ ಒಲಿದಿದ್ದರೆ ಅದು ನನಗೆ. ಇದು ಜಂಬದ ಮಾತಲ್ಲ, ಸಾಕ್ಷಿ ಇದೆ. ತಳ ತೂತಾದ ಬಕೀಟನ್ನು ನಾನು ಹೂಕುಂಡ ಮಾಡಿದ್ದೇನೆ. ಕಾಲು ಮುರಿದ ಕುರ್ಚಿಯನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದೇನೆ. ಹೆಂಡತಿಯ ಹರಿದ ಛತ್ರಿಯಿಂದ ಕೋಳಿಗೂಡಿಗೆ ಸೂರು ಕಟ್ಟಿದ್ದೇನೆ. ಆ ಛತ್ರಿ ಹರಿದೇ ಇರಲಿಲ್ಲ ಎಂಬುದು ಹೆಂಡತಿ ಓತಿಲಿಯಾಳ ವಾದ. ಮಹಾಪುರುಷರ ಸಾಧನೆಗೆ ಮನೆಯವರೇ ಮೊದಲ ವಿಮರ್ಶಕರು, ಇರಲಿ.

ಆದ್ದರಿಂದ ನಮ್ಮ ಲಾರಿಯ ಚಕ್ರಗಳ ವಿಷಯ ಬಂದಾಗ ನಾನು ಎದೆ ತಟ್ಟಿ ಹೇಳಿದೆ: "ಹೊಸ ಟೈರು ಯಾಕೆ? ಈ ಹಳೇ ಟೈರುಗಳನ್ನೇ ಮದುವೆ ಗಂಡಿನ ಬೂಟಿನ ಹಾಗೆ ಮಿಂಚಿಸ್ತೀನಿ. ಅದೂ ಜೇಬಿಗೆ ಕೈ ಹಾಕದೆ."

ಲಾರಿ ನನ್ನದಲ್ಲ, ಮಾವನವರದು. ದೋನ್ ಬೆಲಿಸಾರಿಯೊ ಎಂದರೆ ಸುವಾರೆಸ್ ನದಿಯ ಎರಡೂ ದಡದ ಆಲೆಮನೆಗಳಲ್ಲಿ ಹೆಸರಾದವರು. ಕಬ್ಬು, ಬೆಲ್ಲದ ಪೆಟ್ಟಿಗೆ, ಒಮ್ಮೊಮ್ಮೆ ಹೆರಿಗೆಗೆ ಹೊರಟ ಹೆಂಗಸರು, ಎಲ್ಲವನ್ನೂ ಆ ಲಾರಿಯಲ್ಲೇ ಸಾಗಿಸಿದರು. ಅದರ ಹಣೆಯ ಮೇಲೆ 'ಮುದ್ದಿನ ರಾಣಿ' ಎಂದು ಬರೆಸಿದ್ದರು. ಸಾಯುವಾಗ ಲಾರಿಯನ್ನು ಹಿರಿಮಗಳು ಓತಿಲಿಯಾಳಿಗೆ ಬಿಟ್ಟುಹೋದರು. ನಾನು ಅದರ ಚಾಲಕ, ಅಂದರೆ ಲಾರಿಯೊಂದಿಗೆ ಬಂದ ಬಿಡಿಭಾಗ.

ಜುಲೈ ಹದಿನಾರು ನಮ್ಮ ಚರ್ಚಿನ ಕಾರ್ಮೆಲ್ ಮಾತೆಯ ಹಬ್ಬ. ಸ್ಟಿಯರಿಂಗ್ ಹಿಡಿಯುವವರಿಗೆಲ್ಲ ಅವಳೇ ತಾಯಿ. ಆ ದಿನ ಊರಿನ ಗಾಡಿಗಳೆಲ್ಲ ಬಲೂನು ಕಟ್ಟಿಕೊಂಡು, ಹಾರ್ನು ಒತ್ತಿಕೊಂಡು ಮೆರವಣಿಗೆ ಹೊರಡುತ್ತವೆ. ಎಲ್ಲಕ್ಕಿಂತ ಮುಂದೆ ಮಾತೆಯ ಪ್ರತಿಮೆ ಹೊತ್ತ ಲಾರಿ. ಮಾವನವರು ಇರುವ ತನಕ ಅದು 'ಮುದ್ದಿನ ರಾಣಿ'ಯೇ. ಅವರು ಹೋದ ಮೇಲೆ, ಕಳೆದ ವರ್ಷ, ಹಬ್ಬದ ಸಮಿತಿಯವರು ಮಾತೆಯನ್ನು ನನ್ನ ಷಡ್ಡಕ ನೆಪೊಮುಸೆನೊನ ಹೊಚ್ಚಹೊಸ ಲಾರಿಗೆ ಹತ್ತಿಸಿಬಿಟ್ಟರು. ಓತಿಲಿಯಾ ಅಂದು ತಲೆನೋವು ಎಂದು ಮನೆಯಲ್ಲೇ ಉಳಿದಳು. ಮೆರವಣಿಗೆ ಮನೆ ಮುಂದೆ ಹಾದುಹೋದಾಗ ಕಿಟಕಿ ಮುಚ್ಚಿ ಅತ್ತಳು. ಅಪ್ಪ ಎರಡನೇ ಸಲ ಸತ್ತ ಹಾಗಾಯಿತು ಅವಳಿಗೆ. ಈ ವರ್ಷ ಮಾತೆ ನಮ್ಮ ಲಾರಿಯಲ್ಲೇ ಕೂರಬೇಕು ಎಂದು ಅಂದೇ ನಿಶ್ಚಯಿಸಿದ್ದೆ.

ಹಬ್ಬಕ್ಕೆ ಕೆಲವು ದಿನ ಇರುವಾಗ ಸಮಿತಿಯ ಯಜಮಾನಿ ದೋನ್ಯಾ ಎರ್ಸಿಲಿಯಾ ಲಾರಿಯ ಪರೀಕ್ಷೆಗೆ ಬಂದರು. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದ ಮುದುಕಿ, ಅದಕ್ಕೇ ಹೆಸರಿನ ಮುಂದೆ ಗೌರವದ 'ದೋನ್ಯಾ'. ಉಳಿದರ್ಧ ಜನ ಅವರ ಹೆದರಿಕೆಗೇ ಶಾಲೆಗೆ ಹೋಗಲಿಲ್ಲ. ಬೀಸಣಿಗೆಯ ತುದಿಯಿಂದ ನಮ್ಮ ಟೈರನ್ನು ತಿವಿದರು.

"ಎಂಜಿನ್ನು ಕೆಮ್ಮಲಿ, ಬಾಗಿಲು ಕಿರುಗುಟ್ಟಲಿ, ಮಾತೆ ಸಹಿಸ್ಕೋತಾಳೆ. ಆದ್ರೆ ಈ ಚಕ್ರಗಳನ್ನ ನೋಡು ಎವಾರಿಸ್ತೊ. ಟೈರು ಬೂದಿ ಬಳ್ಕೊಂಡ ಹಾಗಿದೆ. ರಿಮ್ಮು ನೋಡಿದ್ರೆ ಹುಳುಕು ಹಲ್ಲು."

"ಮೇಲೆ ಮಾತೆ ಕೂತಿರುವಾಗ ಕೆಳಗೆ ಚಕ್ರ ಯಾರು ನೋಡ್ತಾರೆ ದೋನ್ಯಾ?"

"ಪಾಪಿಗಳೆಲ್ಲ ತಲೆ ತಗ್ಗಿಸ್ಕೊಂಡೇ ನಡೆಯೋದು. ಅವರಿಗೆ ಕಾಣೋದು ಚಕ್ರ ಮಾತ್ರ."

ನಾನೂ ತಲೆ ತಗ್ಗಿಸಿಯೇ ನಿಂತಿದ್ದೆ. ಹಬ್ಬದ ಹಿಂದಿನ ದಿನಕ್ಕೆ ಚಕ್ರಗಳು ನೋಡುವ ಹಾಗಿದ್ದರೆ ಸರಿ, ಇಲ್ಲವಾದರೆ ಈ ಸಲವೂ ನೆಪೊನ ಲಾರಿಯೇ ಎಂದು ತೀರ್ಪಿತ್ತು ಅವರು ಹೋದರು.

"ಪಾಲಿಶ್ ಡಬ್ಬಿ ತಂದುಬಿಡಿ ಅಂದ್ರೆ," ಎಂದಳು ಓತಿಲಿಯಾ.

"ಡಬ್ಬಿ ತರೋಕೆ ತಲೆ ಯಾಕೆ ಬೇಕು? ಕೈ ಇದ್ರೆ ಸಾಕು."

"ನಿಮ್ಮ ತಲೆ ಓಡಿದಾಗೆಲ್ಲ ನನ್ನ ಕೈ ನೋಯುತ್ತೆ ರೀ. ತೊಳೆಯೋಳು ನಾನೇ ತಾನೆ?"

ಮೊದಲು ರಿಮ್ಮು. ಮಾವನವರ ಸಮಾಧಿಯ ಕಂಬಿಗೆ ಬಳಿದು ಉಳಿದಿದ್ದ ಬೆಳ್ಳಿ ಬಣ್ಣ ಮನೆಯಲ್ಲಿತ್ತು. ಅಳಿಯನಿಗೆ ಮಾವ ಸತ್ತ ಮೇಲೂ ಕೊಟ್ಟ ಉಡುಗೊರೆ. ಬಣ್ಣ ಟೈರಿಗೆ ತಾಗಬಾರದಲ್ಲ, ಅದಕ್ಕೆ ರಿಮ್ಮಿಗೂ ಟೈರಿಗೂ ನಡುವಿನ ಸಂದಿನಲ್ಲಿ ಸುತ್ತಲೂ ಹಳೇ ಲಾಟರಿ ಚೀಟಿ ಸಿಕ್ಕಿಸಿದೆ. ಎಷ್ಟೋ ವರ್ಷಗಳಿಂದ ಕೊಂಡ ಚೀಟಿಗಳು. ಮೊದಲ ಬಾರಿಗೆ ಉಪಯೋಗಕ್ಕೆ ಬಂದವು. ಬಣ್ಣ ಒಣಗಿ ಚೀಟಿ ಕಿತ್ತಾಗ ರಿಮ್ಮು ಪೂಜೆಯ ಬಟ್ಟಲಿನಂತೆ ಹೊಳೆಯಿತು. ಓತಿಲಿಯಾ ಕೂಡ "ಪರವಾಗಿಲ್ಲ" ಎಂದಳು. ನಮ್ಮ ಮನೆಯಲ್ಲಿ ಅದು ಚಿನ್ನದ ಪದಕಕ್ಕೆ ಸಮ.

ಅಲ್ಲಿಗೆ ನಿಲ್ಲಿಸಿದ್ದರೆ ನಾನು ಇವತ್ತು ಈ ಕಥೆ ಹೇಳಬೇಕಾಗಿರಲಿಲ್ಲ.

ಟೈರಿಗೆ ಎಂಜಿನ್ನಿನಿಂದ ತೆಗೆದ ಸುಟ್ಟ ಎಣ್ಣೆ ಬಳಿದೆ. ಆಹಾ, ಏನು ಕಪ್ಪು! ಅದೇ ಖುಷಿಯಲ್ಲಿ ಊರು ಒಂದು ಸುತ್ತು ಹಾಕಿ ಬಂದೆ. ಬೀದಿಯ ಧೂಳೆಲ್ಲ ಟೈರಿಗೆ ಮೆತ್ತಿಕೊಂಡಿತ್ತು.

"ಹಿಟ್ಟಲ್ಲಿ ಹೊರಳಿಸಿದ್ದಾಯ್ತಲ್ಲ," ಎಂದಳು ಓತಿಲಿಯಾ. "ಇನ್ನು ಬಾಣಲೆಗೆ ಬಿಡೋದೊಂದೇ ಬಾಕಿ."

ಇಡೀ ಸಂಜೆ ತೊಳೆದೆ. ಹಬ್ಬ ಹತ್ತಿರವಾಗುತ್ತಿತ್ತು, ಟೈರು ಮತ್ತೆ ಬೂದಿ. ಮಾರನೆಯ ದಿನ ಬೆಲ್ಲ ತುಂಬಿಸಲು ಆಲೆಮನೆಗೆ ಹೋದವನು ಕೊಪ್ಪರಿಗೆಯ ಮುಂದೆ ನಿಂತೇಬಿಟ್ಟೆ. ಕೊಪ್ಪರಿಗೆಯ ಅಂಚಿಗೆ ಚೆಲ್ಲಿ ಸೀದ ಪಾಕ ಕಪ್ಪಗೆ ಗಟ್ಟಿಯಾಗಿ ಗಾಜಿನ ಹಾಗೆ ಥಳಥಳ ಎನ್ನುತ್ತಿತ್ತು. ಉಗುರಿನಿಂದ ಕೆರೆದೆ. ಏಳಲಿಲ್ಲ. ನನ್ನ ಬುದ್ಧಿಯ ಬಾಗಿಲು ಧಡಾರನೆ ತೆರೆಯಿತು. ಮುಚ್ಚಿಯೇ ಇದ್ದಿದ್ದರೆ ಒಳ್ಳೆಯದಿತ್ತು.

ಒಂದು ಬಕೀಟು ಜೋನಿಬೆಲ್ಲ, ಒಲೆಯ ಚಿಮಣಿಯಿಂದ ಕೆರೆದ ಮಸಿ. ಎರಡನ್ನೂ ಕಲಸಿ, ಹಿತ್ತಲಿನಲ್ಲಿ ಹದ ಮೀರಿ ಕಾಯಿಸಿ, ಬ್ರಷ್ಷಿನಲ್ಲಿ ಟೈರಿಗೆ ಬಳಿದೆ. ಆರಿದ ಮೇಲೆ ನೋಡಿದರೆ ನನ್ನ ಮೀಸೆಯೇ ಟೈರಿನಲ್ಲಿ ಕಾಣುತ್ತಿತ್ತು. ಧೂಳು ಊದಿದೆ, ಕೂರಲಿಲ್ಲ. ಉಳಿದ ಪಾಕವನ್ನು ಚೆಲ್ಲುವುದೇಕೆಂದು ಲಾರಿಯ ಮೇಲೆ ಮಾವನವರ ಕಾಲದಿಂದ ಇದ್ದ ಮಾತೆಯ ಪೀಠದ ಸುತ್ತ ಕಾಗದದ ಹೂಗಳನ್ನೂ ಅದರಿಂದಲೇ ಅಂಟಿಸಿದೆ. ಗೋಂದಿನ ಖರ್ಚೂ ಉಳಿಯಿತು!

ಅಂಗಳಕ್ಕೆ ಬಂದ ಓತಿಲಿಯಾ ಮೂಗರಳಿಸಿದಳು. "ಏನ್ರೀ ಇದು, ಬೆಲ್ಲದ ವಾಸನೆ?"

"ಈ ಊರಲ್ಲಿ ಯಾವುದಕ್ಕೆ ಬೆಲ್ಲದ ವಾಸನೆ ಇಲ್ಲ ಹೇಳು? ಹಾಸಿಗೆಗಿದೆ, ಪ್ರಾರ್ಥನೆ ಪುಸ್ತಕಕ್ಕಿದೆ, ನಿನ್ನ ತಂಗಿ ಗಂಡನಿಗೂ ಇದೆ."

"ಅವನಿಗಿರೋದು ಬಿಯರ್ ವಾಸನೆ. ಏನು ಹಚ್ಚಿದ್ರಿ ಅಂತ ಕೇಳ್ದೆ."

"ಅದು ಗುಟ್ಟು. ಹೇಳಿದ್ರೆ ನಾಳೆ ಊರೆಲ್ಲ ಹಚ್ಕೊಳ್ಳುತ್ತೆ."

ಅವಳು ಮತ್ತೆ ಕೇಳಲಿಲ್ಲ. ನಮ್ಮೂರಲ್ಲಿ ಗಾಳಿಯೇ ಬೆಲ್ಲ ನಾರುತ್ತದೆ. ಬೇರೆ ಊರಿನವರಾಗಿದ್ದರೆ ಹತ್ತು ಮಾರು ದೂರದಿಂದಲೇ ನನ್ನ ಗುಟ್ಟು ಹಿಡಿಯುತ್ತಿದ್ದರು. ನಮ್ಮ ಮೂಗಿಗೆ ಮಾತ್ರ ಅದು ವಾಸನೆಯ ಲೆಕ್ಕಕ್ಕೇ ಬರುವುದಿಲ್ಲ.

ಹೇಳಿದ ದಿನಕ್ಕೆ ದೋನ್ಯಾ ಎರ್ಸಿಲಿಯಾ ಬಂದರು. ಬಗ್ಗಿದರು. ಟೈರಿನಲ್ಲಿ ಮುಖ ನೋಡಿಕೊಂಡು ಮುಂಗುರುಳು ಸರಿಮಾಡಿಕೊಂಡರು. "ಒಪ್ಪಿದೆ" ಎಂದಷ್ಟೇ ಹೇಳಿದರು. ಜೊತೆಗೆ ಬಂದಿದ್ದ ನೆಪೊನ ಮುಖ ನೋಡಬೇಕಿತ್ತು.

"ಅಣ್ಣ, ಯಾವ ಅಂಗಡೀದು ಈ ಪಾಲಿಶ್ಶು?"

"ಅಂಗಡೀಲಿ ಸಿಗಲ್ಲ ನೆಪೊ. ಇದು ಇಲ್ಲಿಂದ ಬಂದದ್ದು," ಎಂದು ಹಣೆ ಮುಟ್ಟಿ ತೋರಿಸಿದೆ. ಬೆರಳಿನ ಮಸಿ ಹಣೆಗೆ ಅಂಟಿತು. ಪಾದ್ರಿಗಳು ಹಣೆಗೆ ಬೂದಿ ಹಚ್ಚುವ ಬೂದಿ ಬುಧವಾರ ನನಗೆ ಆ ವರ್ಷ ಎರಡನೇ ಸಲ ಬಂತು.

ಹಬ್ಬದ ಬೆಳಿಗ್ಗೆ ಪಟಾಕಿಯ ಸದ್ದಿನೊಂದಿಗೆ ಮಾತೆಯನ್ನು ನಮ್ಮ ಲಾರಿಯ ಪೀಠಕ್ಕೆ ಏರಿಸಿದರು. ಓತಿಲಿಯಾ ಅಪ್ಪನ ಹಳೇ ಟೋಪಿಯನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನ ಪಕ್ಕ ಕೂತಳು. ಗೇರು ಬದಲಿಸುವ ನನ್ನ ಕೈಯ ಮೇಲೆ ಒಮ್ಮೆ ಕೈ ಇಟ್ಟಳು, ಅಷ್ಟೇ. ಮದುವೆಯಾದ ದಿನ ಕೂಡ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ನಮ್ಮ ಹಿಂದೆ ಹಾಡುವ ಹೆಂಗಸರು, ಅವರ ಹಿಂದೆ ಆಲೆಮನೆಗಳ ಹೇಸರಗತ್ತೆಗಳು, ಕೊನೆಗೆ ಉಳಿದ ಗಾಡಿಗಳು. ಕಬ್ಬು ಹೊರುವ ಹೇಸರಗತ್ತೆಗೂ ನಮ್ಮಲ್ಲಿ ಹಬ್ಬವುಂಟು. ಅವು ಲಾರಿಗಿಂತ ಮುಂಚಿನ ಲಾರಿಗಳಲ್ಲವೇ? ಕಿವಿಗೆ ಕೆಂಪು ಕುಚ್ಚು ಕಟ್ಟಿಕೊಂಡು ಗಂಭೀರವಾಗಿ ಬರುತ್ತಿದ್ದವು.

ಬಿಸಿಲೇರಿತು. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ಮಹಡಿಗಳಿಂದ ಜನ ಹೂವಿನ ಎಸಳು, ಬಣ್ಣದ ಕಾಗದದ ಚೂರು ಎರಚುತ್ತಿದ್ದರು. ಇದ್ದಕ್ಕಿದ್ದಂತೆ ಇಬ್ಬದಿಯ ಜನ ಚಪ್ಪಾಳೆ ಹೊಡೆಯತೊಡಗಿದರು. ಕನ್ನಡಿಯಲ್ಲಿ ನೋಡಿದರೆ, ಬೀದಿಗೆ ಬಿದ್ದ ಎಸಳೆಲ್ಲ ನಮ್ಮ ಟೈರಿಗೆ ಅಂಟಿ ಚಕ್ರಗಳೇ ಹೂವಿನ ಚಕ್ರಗಳಾಗಿ ಉರುಳುತ್ತಿವೆ!

"ಇದನ್ನೂ ನೀವೇ ಯೋಚಿಸಿದ್ರಾ?" ಎಂದಳು ಓತಿಲಿಯಾ ಬೆರಗಾಗಿ.

"ಮತ್ತೆ?" ಎಂದೆ. ಆದರೆ ಕಿಟಕಿಯಿಂದ ಬಗ್ಗಿ ಚಕ್ರವನ್ನು ಇನ್ನೊಮ್ಮೆ ನೋಡಿದೆ. ಅಂಟುವುದೆಂದರೆ ಪಾಕ ಕರಗಿದೆ ಎಂದೇ ಅರ್ಥ.

ಮುಂದಿನ ತಿರುವಿನಲ್ಲಿ ಮೊದಲ ಜೇನ್ನೊಣ ಬಂತು. ಆಲೆಮನೆಯ ಊರು, ಒಂದೆರಡು ಜೇನ್ನೊಣಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದು ಹೋಗಿ ಬಳಗವನ್ನೆಲ್ಲ ಕರೆತಂದಿತು. ಸ್ವಲ್ಪ ಹೊತ್ತಿನಲ್ಲಿ ಲಾರಿಯ ಮೇಲೆ, ಮಾತೆಯ ಪೀಠದ ಸುತ್ತ, ಕಾಗದದ ಹೂವಿಗೆ ಜೇನು ಮುತ್ತಿತು. ಹಾಡುವ ಹೆಂಗಸರು ಶ್ರುತಿ ಎಲ್ಲಿಂದ ಬರುತ್ತಿದೆ ಎಂದು ಮೇಲೆ ನೋಡಿದರು.

ಚರ್ಚಿನ ಮುಂದಿನ ಚೌಕದಲ್ಲಿ ಗಾಡಿ ನಿಲ್ಲಿಸಲೇಬೇಕು. ಅಲ್ಲಿ ಪಾದ್ರಿಗಳು ಒಂದೊಂದೇ ವಾಹನಕ್ಕೆ ತೀರ್ಥ ಚಿಮುಕಿಸಿ ಆಶೀರ್ವದಿಸುತ್ತಾರೆ, ಆಮೇಲೆ ಮೆರವಣಿಗೆ ಸೇತುವೆಯತ್ತ ಸಾಗುತ್ತದೆ. ನಾನು ಬ್ರೇಕು ಒತ್ತಿದ್ದೇ ತಡ, ಹಿಂದೆ ಗಲಾಟೆ ಎದ್ದಿತು. ಹೇಸರಗತ್ತೆಗಳು ಹಗ್ಗ ಬಿಡಿಸಿಕೊಂಡು, ಹಾಡುವ ಹೆಂಗಸರನ್ನು ಎರಡು ಹೋಳು ಮಾಡಿ, ಮುನ್ನುಗ್ಗಿ ಬಂದವು. ಬಂದು ನಮ್ಮ ಲಾರಿಯ ಸುತ್ತ ನಿಂತು ತಲೆ ತಗ್ಗಿಸಿದವು. ಕರಗಿದ ಪಾಕ ಟೈರಿನ ಬುಡಕ್ಕೆ ಇಳಿದಿತ್ತು. ಅದನ್ನು ನೆಕ್ಕಲು ಮುಂದಿನ ಎರಡು ಪ್ರಾಣಿಗಳು ಮುಂಗಾಲು ಮಡಚಿ ಕೂತವು.

ಚೌಕದಲ್ಲಿದ್ದವರೆಲ್ಲ ಕತ್ತು ಚಾಚಿ ನೋಡಿದರು.

"ಮೊಣಕಾಲೂರಿದವು," ಎಂದರು ದೋನ್ಯಾ ಎರ್ಸಿಲಿಯಾ ನಡುಗುವ ದನಿಯಲ್ಲಿ. "ಮೂಕಪ್ರಾಣಿಗಳು ಮಾತೆಗೆ ಮೊಣಕಾಲೂರಿದವು."

ಅವರೂ ಮೊಣಕಾಲೂರಿದರು. ಅವರು ಕೂತ ಮೇಲೆ ಅವರ ಹಳೆಯ ವಿದ್ಯಾರ್ಥಿಗಳು ನಿಂತಿರುವುದುಂಟೇ? ಇಡೀ ಊರು ಕೂತಿತು. ಯಾರೋ ಓಡಿಹೋಗಿ ಗಂಟೆ ಬಾರಿಸತೊಡಗಿದರು. ನನ್ನ ಪಕ್ಕದಲ್ಲಿ ಓತಿಲಿಯಾ ಟೋಪಿಯನ್ನು ಮುಖಕ್ಕೆ ಒತ್ತಿಕೊಂಡು ಬಿಕ್ಕುತ್ತಿದ್ದಳು. "ಅಪ್ಪ ಇರಬೇಕಿತ್ತು ರೀ. ಅಪ್ಪನ ಗಾಡಿಗೆ ಈ ಭಾಗ್ಯ."

ಏನು ಹೇಳಲಿ? ಬಾಯಿ ಬಿಟ್ಟರೆ ಅವಳ ಸಂತೋಷ ಹಾಳು, ಮುಚ್ಚಿಕೊಂಡರೆ ಇಡೀ ಊರು ಬೆಲ್ಲಕ್ಕೆ ನಮಸ್ಕಾರ ಹಾಕುತ್ತದೆ. ಸ್ಟಿಯರಿಂಗನ್ನು ಗಟ್ಟಿಯಾಗಿ ಹಿಡಿದುಕೊಂಡು ಮುಂದಿನ ಗಾಜನ್ನೇ ನೋಡುತ್ತ ಕೂತೆ.

ಫಾದರ್ ಅನ್ಸೆಲ್ಮೊ ತೀರ್ಥದ ಪಾತ್ರೆ ಹಿಡಿದು ಬಂದರು. ಮುಂದಿನ ಚಕ್ರಕ್ಕೆ ಧಾರಾಳವಾಗಿ ಚಿಮುಕಿಸಿದರು. ಚಕ್ರದಿಂದ ಕಪ್ಪು ಧಾರೆಯೊಂದು ಇಳಿದು ಅವರ ಬಿಳಿ ನಿಲುವಂಗಿಯ ಅಂಚನ್ನು ಮುಟ್ಟಿತು. ಅವರು ಬಗ್ಗಿ ನೋಡಿದರು. ಬೆರಳಿನಿಂದ ಸವರಿದರು. ಬೆರಳನ್ನು ಬಾಯಿಗೆ ಇಟ್ಟುಕೊಂಡರು. ಫಾದರ್ ಆಲೆಮನೆಯವರ ಮಗ, ಪಾದ್ರಿಯಾಗುವ ಮುಂಚೆ ಕೊಪ್ಪರಿಗೆಯ ಮುಂದೆ ಬೆಳೆದವರು. ನಿಧಾನವಾಗಿ ನನ್ನ ಕಿಟಕಿಯ ಬಳಿ ಬಂದು, ಯಾರಿಗೂ ಕೇಳದ ಹಾಗೆ ಹೇಳಿದರು:

"ಎವಾರಿಸ್ತೊ, ಪಾಕ ಒಂದು ಹದ ಜಾಸ್ತಿ ಆಗಿದೆ."

ಯಾರಿಗೂ ಕೇಳಲಿಲ್ಲ ನಿಜ, ಓತಿಲಿಯಾಳ ಹೊರತು. ಅವಳು ಟೋಪಿಯಿಂದ ಮುಖ ಎತ್ತಿದಳು.

"ಯಾವ ಪಾಕ?"

"ಅದೂ... ಟೈರಿಗೆ..."

"ಬೆಲ್ಲ ಹಚ್ಚಿದ್ರಾ?"

"ಮಸೀನೂ ಹಾಕಿದ್ದೆ," ಎಂದೆ. ಅದು ಶಿಕ್ಷೆ ಕಡಿಮೆ ಮಾಡೀತು ಎಂದು ಯಾಕೆ ಅನ್ನಿಸಿತೋ ಗೊತ್ತಿಲ್ಲ.

ಅವಳು ನನ್ನನ್ನು ನೋಡಿದ ರೀತಿಗೆ ನಾನು ಸೀಟಿನ ಹರಕಿನೊಳಗೆ ತೂರಿಕೊಳ್ಳುವುದಷ್ಟೇ ಬಾಕಿ. ಬಾಗಿಲು ತೆಗೆದು ಇಳಿದಳು. ದೋನ್ಯಾ ಎರ್ಸಿಲಿಯಾರ ತೋಳು ಹಿಡಿದು ಎಬ್ಬಿಸಿದಳು.

"ಏಳಿ ದೋನ್ಯಾ, ಮಂಡಿ ನೋಯುತ್ತೆ. ಇದು ಪವಾಡ ಅಲ್ಲ. ನಮ್ಮೆಜಮಾನ್ರು ಟೈರಿಗೆ ಬೆಲ್ಲ ಹಚ್ಚಿದ್ದಾರೆ." ಅಪ್ಪನ ಟೋಪಿಯನ್ನು ಎದೆಗೆ ಒತ್ತಿಕೊಂಡಳು. "ನಮ್ಮಪ್ಪನ ಗಾಡಿ ಮೇಲೆ ಸುಳ್ಳು ಬೇಡ. ಮಾತೆಯನ್ನ ಇಳಿಸ್ಕೊಳ್ಳಿ."

ಗಂಟೆ ನಿಂತಿತು. ಮೊದಲು ಯಾರೋ ಒಬ್ಬ ಕಿಸಕ್ಕೆಂದ. ಆಮೇಲೆ ಚೌಕಕ್ಕೆ ಚೌಕವೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕತ್ತೆಗೇನು ಗೊತ್ತು ಕಸ್ತೂರಿಯ ಪರಿಮಳ ಎನ್ನುತ್ತಾರೆ, ಬೆಲ್ಲದ ರುಚಿ ಮಾತ್ರ ಅವಕ್ಕೆ ಪಕ್ಕಾ ಗೊತ್ತಿತ್ತು. ಯಾರ ನಗುವಿಗೂ ತಲೆ ಎತ್ತದೆ ನೆಕ್ಕುತ್ತಲೇ ಇದ್ದವು. ಓತಿಲಿಯಾ ಮಾತ್ರ ನಗಲಿಲ್ಲ. ಟೋಪಿ ಹಿಡಿದು ನಿಂತಿದ್ದಳು. ಅವಳನ್ನು ನೋಡಿ ನನಗೆ ನನ್ನ ಮೇಲೇ ಅಸಹ್ಯವಾಯಿತು.

ನೆಪೊ ಅಂಗಿಯ ತೋಳು ಮಡಚುತ್ತ ಬಂದ. "ನನ್ನ ಗಾಡಿ ರೆಡಿ ಇದೆ ದೋನ್ಯಾ. ಈಗ್ಲೇ ಇಳಿಸ್ತೀನಿ." ಲಾರಿ ಹತ್ತಿ ಪೀಠಕ್ಕೆ ಕೈ ಹಾಕಿದ. ಹಾಕಿದ ಕೈಯನ್ನು ಅಷ್ಟೇ ಬೇಗ ತೆಗೆದ. ಮೂಗಿಗೊಂದು, ಕಿವಿಗೊಂದು ಕುಟುಕಿಸಿಕೊಂಡು, ಹತ್ತಿದ ದಾರಿ ಬಿಟ್ಟು ಹಾರಿ, ಚೌಕದ ಕಾರಂಜಿಗೆ ತಲೆ ಅದ್ದಿದ. ಅವನ ಹಿಂದೆ ಬಂದ ಇನ್ನಿಬ್ಬರು ಏಣಿ ಹತ್ತುವ ಮೊದಲೇ ಹಿಂದೆ ಸರಿದರು. ಜೇನು ಮಾತೆಯ ಸುತ್ತ ಗುಂಯ್ ಎನ್ನುತ್ತ ಕಾವಲು ನಿಂತಿತ್ತು. ಮಾತೆ ಎಂದಿನಂತೆ ಶಾಂತವಾಗಿದ್ದಳು.

ಎಲ್ಲರೂ ದೋನ್ಯಾ ಎರ್ಸಿಲಿಯಾರನ್ನು ನೋಡಿದರು. ಅವರು ಚಕ್ರವನ್ನು ನೋಡಿದರು. ಹೇಸರಗತ್ತೆಗಳು ನೆಕ್ಕಿ ನೆಕ್ಕಿ ಟೈರು ಮತ್ತೆ ಬೂದಿ ಬಣ್ಣಕ್ಕೆ ಬಂದಿತ್ತು. ಬೀಸಣಿಗೆ ಪಟ್ಟೆಂದು ಮುಚ್ಚಿದರು.

"ಮಾತೆಗೆ ಇಳಿಯೋಕೆ ಮನಸ್ಸಿಲ್ಲ," ಎಂದರು. "ಹತ್ತಿದೋಳನ್ನ ಎಬ್ಬಿಸೋಕೆ ನಾವ್ಯಾರು? ಬೆಲಿಸಾರಿಯೊನ ಗಾಡಿಯಲ್ಲೇ ಹೋಗ್ಲಿ." ಆಮೇಲೆ ಬೀಸಣಿಗೆಯನ್ನು ನನ್ನತ್ತ ತಿರುಗಿಸಿದರು. "ಇವನು ಮಾತ್ರ ಇಳೀಲಿ. ಓತಿಲಿಯಾ, ನಿಮ್ಮಪ್ಪ ನಿಂಗೆ ಗಾಡಿ ಓಡಿಸೋದು ಕಲಿಸಿದ್ದ ಅಲ್ವಾ?"

"ಇವರಿಗಿಂತ ಮೊದಲೇ ದೋನ್ಯಾ," ಎಂದಳು ಓತಿಲಿಯಾ. ಕಣ್ಣು ಒರೆಸಿಕೊಂಡು, ಅಪ್ಪನ ಟೋಪಿ ತಲೆಗಿಟ್ಟುಕೊಂಡಳು. ನಾನು ಇಳಿದೆ, ಅವಳು ಹತ್ತಿದಳು. ಸೀಟನ್ನು ಮುಂದಕ್ಕೆ ಎಳೆದುಕೊಂಡ ಸದ್ದಿನಲ್ಲೇ ಗೊತ್ತಾಯಿತು, ಅದು ಇನ್ನು ಹಿಂದಕ್ಕೆ ಹೋಗುವುದಿಲ್ಲ.

ನಾನೆಲ್ಲಿ ನಿಲ್ಲಲಿ? ಹೆಂಗಸರ ಸಾಲಿಗೆ ಸೇರಿಸಲಿಲ್ಲ, ನೆಪೊನ ಗಾಡಿಗೆ ನಾನೇ ಹೋಗಲಾರೆ. ಹೇಸರಗತ್ತೆಗಳನ್ನು ಮತ್ತೆ ಸಾಲು ನಿಲ್ಲಿಸುತ್ತಿದ್ದರು. ನನ್ನ ಕೈಯ ವಾಸನೆ ಹಿಡಿದು ಎರಡು ಪ್ರಾಣಿಗಳು ಆಚೆಗೊಂದು ಈಚೆಗೊಂದು ಬಂದು ಒತ್ತಿ ನಿಂತವು. ಅಲುಗಾಡಲು ಬಿಡಲಿಲ್ಲ. ಅಲ್ಲೇ ನಿಂತೆ.

ಗಾಡಿಗಳ ಆಶೀರ್ವಾದ ಮುಗಿಸಿ ಫಾದರ್ ಅನ್ಸೆಲ್ಮೊ ಪ್ರಾಣಿಗಳ ಸಾಲಿಗೆ ಬಂದರು. ಪ್ರತಿಯೊಂದರ ಮುಂದೆ ನಿಂತು "ಇದು ಯಾರದು?" ಎಂದು ಕೇಳುವರು, ಯಜಮಾನ ತನ್ನ ಹೆಸರು ಹೇಳುವನು, ಇವರು ತೀರ್ಥ ಹಾಕುವರು. ಹಾಗೇ ಒಂದೊಂದಾಗಿ ದಾಟಿ ನನ್ನ ಮುಂದೆ ಬಂದು ನಿಂತರು. ತೊಳೆದರೂ ಹೋಗದ ಮಸಿಯ ನನ್ನ ಹಣೆ ನೋಡಿದರು. ನಿಲುವಂಗಿಯ ಕಪ್ಪು ಅಂಚು ನೋಡಿಕೊಂಡರು. ಚೌಕಕ್ಕೆಲ್ಲ ಕೇಳುವ ಹಾಗೆ ಗಂಭೀರವಾಗಿ ಕೇಳಿದರು:

"ಇದು ಯಾರದು?"

ನಾನು ಬಾಯಿ ತೆರೆಯುವ ಮೊದಲೇ ಲಾರಿಯ ಕಿಟಕಿಯಿಂದ ಟೋಪಿ ಹೊರಬಂತು. ಬೆಳಿಗ್ಗೆಯಿಂದ ಮೊದಲ ಸಲ ಓತಿಲಿಯಾ ನಗುತ್ತಿದ್ದಳು.

"ಅದು ನಂದೇ ಫಾದರ್. ಸ್ವಲ್ಪ ಜಾಸ್ತಿ ನೀರು ಹಾಕಿ."